ಕಂಡೆನೆಂದು ಹಾಕಿದ ಸಹಿ

೩ ಫೆಬ್ರವರಿ

ಮಗಳೇ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ‘ಅಮ್ಮನಿಗೆ ಕೊಡು’ ಅನ್ನುತ್ತೀಯ, ನಾನು ಕೊಡುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ಪತ್ರವಾದರೆ ಅರ್ಧಕ್ಕೆ ಬಿಡಲು ನಿನ್ನಿಂದಾಗದು. ಕೈಗೆ ಸಿಕ್ಕ ಕಾಗದವನ್ನು ಕೊನೆಯ ಸಾಲಿನವರೆಗೆ ಓದುವ ಚಟ ನಿನಗೆ ನನ್ನಿಂದಲೇ ಬಂದದ್ದು.

ವಿಷಯಕ್ಕೆ ಬರುತ್ತೇನೆ. ನಿನ್ನೆ ಪೇದೆಯೊಬ್ಬ ಸಮನ್ಸ್ ಕೊಟ್ಟು ಹೋದ. “ಕೊನೆಗೂ ಹಿಡ್ಕೊಂಡು ಹೋಗೋಕೆ ಬಂದ್ರಾ? ಪೇಪರಿಗೆ ಬರೆಯೋದು ಜಾಸ್ತಿ ಆಯ್ತು ಅಂತ ನಾನು ಬಡ್ಕೊಳ್ತಾನೇ ಇದ್ದೆ” ಎಂದಳು ನಿನ್ನಮ್ಮ. ಆರೋಪಿ ನಾನಲ್ಲ, ಸಾಕ್ಷಿ. ಹಾಗೆಂದು ಅವಳಿಗೆ ಸಮನ್ಸ್ ಓದಿ ಹೇಳಿದೆ.

ಎರಡು ವರ್ಷಕ್ಕೂ ಹಿಂದೆ, ಅಕ್ಟೋಬರಿನಲ್ಲಿ, ಮೇಲಿನ ಮನೆಯ ಹಲ್ಲಿನ ಡಾಕ್ಟರ ಮನೆಯಲ್ಲಿ ಕಳ್ಳತನವಾಯಿತು. ಒಂದು ಚಿನ್ನದ ಕೈಗಡಿಯಾರ, ಒಂದು ಕ್ಯಾಮೆರಾ. ಬಾಗಿಲು ಮುರಿದಿರಲಿಲ್ಲ. ಹಿಂದಿನ ವಾರವಷ್ಟೇ ಬಸ್ ನಿಲ್ದಾಣದ ಮೂಲೆಯ ಕೀಲಿಕೈಯವನು ಬಂದು ಬೀಗ ಬದಲಿಸಿದ್ದ. ಪೊಲೀಸರಿಗೆ ಅಷ್ಟು ಸಾಕಾಯಿತು. ನಿಜ ಹೇಳುತ್ತೇನೆ, ನನಗೂ ಸಾಕಾಗಿತ್ತು.

ಕಳ್ಳತನವಾದ ಮೇಲಿನ ಗುರುವಾರ ನಾನು ಠಾಣೆಗೆ ಹೋಗಿದ್ದು ಬೀದಿದೀಪದ ವಿಷಯಕ್ಕೆ. ಓಣಿ ಕತ್ತಲಾಗಿದ್ದಕ್ಕೇ ಕಳ್ಳತನವಾಯಿತು ಎಂದು ನಾಲ್ಕನೇ ಮನವಿ ಬರೆದುಕೊಂಡು ಹೋಗಿದ್ದೆ. ಸಬ್ ಇನ್ಸ್‌ಪೆಕ್ಟರ್ ಎದ್ದು ನಿಂತು ಕುರ್ಚಿ ತೋರಿಸಿದ. “ಬನ್ನಿ ಸಾರ್, ನಿಮ್ಮ ಪತ್ರಗಳನ್ನ ಇಲ್ಲಿ ನಾವೆಲ್ಲ ಓದ್ತೀವಿ” ಎಂದ. ಚಹಾ ತರಿಸಿದ. ಮೇಜಿನ ಮೇಲೆ ಕೈಗಡಿಯಾರ, ಕ್ಯಾಮೆರಾ ಇದ್ದವು. “ಇವು ಆ ಕೀಲಿಯವನ ಕೋಣೆ ಹಿಂದೆ, ನೀರಿನ ತೊಟ್ಟಿ ಕೆಳಗೆ ಸಿಕ್ಕಿದ್ವು, ಅವನೇ ತೋರ್ಸಿದ. ಸಿಕ್ಕಿದ್ದನ್ನ ಕಂಡ್ವಿ ಅನ್ನೋಕೆ ಇಬ್ಬರು ಪಂಚರು ಬೇಕು. ಎದುರಿನ ಟೈರ್ ಅಂಗಡಿಯವ್ನು ಒಬ್ಬ ಇದಾನೆ. ನಿಮ್ಮಂಥವರ ಸಹಿ ಒಂದಿದ್ರೆ ಕೋರ್ಟಲ್ಲಿ ಅದರ ತೂಕಾನೇ ಬೇರೆ.”

ಹಾಕಿದೆ. ಐದು ಕಡೆ. ಪೊಟ್ಟಣಕ್ಕೆ ಅಂಟಿಸುವ ಚೀಟಿಗಳ ಮೇಲೆ ಬೇರೆ. ಕೊನೆಯ ಹಾಳೆ ಖಾಲಿಯಿತ್ತು. ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ನಾನು, ಓದದೆ ಒಂದು ಪುಟವನ್ನೂ ಅಚ್ಚಿಗೆ ಬಿಟ್ಟವನಲ್ಲ. ಮೂರು ದಿನದಲ್ಲಿ ಬೀದಿದೀಪ ಹತ್ತಿತು. ನನ್ನ ಮನವಿ ಗೆದ್ದಿತು ಎಂದು ನಿನ್ನಮ್ಮನ ಮುಂದೆ ಮೀಸೆ ತಿರುವಿದೆ.

ಆ ನೀರಿನ ತೊಟ್ಟಿಯನ್ನು ನಾನು ಇವತ್ತಿಗೂ ನೋಡಿಲ್ಲ. ‘ನಮ್ಮ ಸಮಕ್ಷಮ ತೆಗೆದುಕೊಟ್ಟ’ ಎಂದು ಆ ಕಾಗದ ಹೇಳುತ್ತದಂತೆ, ಸಮನ್ಸ್ ತಂದ ಪೇದೆ ಅಂದ.

ನನ್ನ ಪ್ರಶ್ನೆ ಒಂದೇ. ನಡೆದದ್ದನ್ನು ನಡೆದಂತೆ ಕೋರ್ಟಿನಲ್ಲಿ ಹೇಳಿದರೆ ಆ ಮನುಷ್ಯನಿಗೆ ಏನಾಗುತ್ತದೆ? ನನಗೆ ಏನಾಗುತ್ತದೆ ಎಂಬುದನ್ನು ಆಮೇಲೆ ಹೇಳು.

ಇತಿ,
ಅಪ್ಪ


೧೯ ಫೆಬ್ರವರಿ

ಅಪ್ಪನಿಗೆ,

ಪತ್ರ ತಲುಪಿತು.

ಮೊದಲು ನನ್ನದೊಂದು ಪ್ರಶ್ನೆ. ನಾನು ಬರೆಯುವ ಈ ಉತ್ತರವೂ ಪತ್ರಿಕೆಗೆ ಹೋಗುತ್ತದೆಯೇ? ಸಾಕ್ಷಿಗಳು ಕಟಕಟೆ ಹತ್ತುವ ಮುಂಚೆ ಅವರ ಹಳೆಯ ಹೇಳಿಕೆಯನ್ನು ಅವರಿಗೇ ಓದಲು ಕೊಡುತ್ತೇವೆ ಎಂದು ಊಟಕ್ಕೆ ಕೂತಾಗ ಮನೆಯ ಮಾತಾಗಿ ಹೇಳಿದ್ದೆ. ಮುಂದಿನ ಭಾನುವಾರ ಅದು ‘ಸಾಕ್ಷಿಗಳಿಗೆ ಪಾಠ ಹೇಳುವ ಸರ್ಕಾರಿ ವಕೀಲರು’ ಎಂದು ನಿಮ್ಮ ಸಹಿಯೊಂದಿಗೆ ಅಚ್ಚಾಯಿತು. ನನ್ನ ಹೆಸರು ಹಾಕಿರಲಿಲ್ಲ, ಸರಿ. ಸರ್ಕಾರಿ ವಕೀಲೆಯ ತಂದೆ ಯಾರೆಂದು ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೆ ನೋಟೀಸು ಬಂತು. ಈ ಊರಿಗೆ ವರ್ಗವಾಗಿದ್ದು ಆಗಲೇ.

ಈಗ ನಿಮ್ಮ ಪ್ರಶ್ನೆ. ನೀವು ನಡೆದದ್ದನ್ನು ಹೇಳಿದರೆ ಸರ್ಕಾರಿ ವಕೀಲರು ನಿಮ್ಮನ್ನು ‘ಪ್ರತಿಕೂಲ ಸಾಕ್ಷಿ’ ಎಂದು ಘೋಷಿಸಲು ಕೇಳುತ್ತಾರೆ. ಅಂದರೆ ತಮ್ಮ ಸಾಕ್ಷಿ ತಮಗೇ ತಿರುಗಿಬಿದ್ದ ಎಂದು. ಆಮೇಲೆ ಅವರೇ ನಿಮಗೆ ಪಾಟಿ ಸವಾಲು ಹಾಕುತ್ತಾರೆ. ಸಹಿ ನಿಮ್ಮದೇ ಅಲ್ಲವೇ, ಓದುಬರಹ ಬಲ್ಲವರಲ್ಲವೇ, ಆರೋಪಿಯ ಕಡೆಯವರಿಂದ ಏನು ತೆಗೆದುಕೊಂಡಿರಿ? ಹೀಗೆ. ಮಾಲು ಸಿಕ್ಕಿದ್ದಕ್ಕೆ ಬೇರೆ ಪುರಾವೆ ಇಲ್ಲದಿದ್ದರೆ ಮೊಕದ್ದಮೆ ಬೀಳಬಹುದು. ಟೈರ್ ಅಂಗಡಿಯವನು ಕಾಗದದಂತೆಯೇ ಹೇಳಿದರೆ ಬೀಳದೆಯೂ ಇರಬಹುದು.

ನಡೆದದ್ದನ್ನು ಹೇಳಬೇಕೋ ಬೇಡವೋ ಎಂದು ನೀವು ಕೇಳಿಲ್ಲ. ಕೇಳಲಿಲ್ಲವಲ್ಲ ಎಂದು ಸಮಾಧಾನವಾಯಿತು.

ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ಯಾವಾಗ?

ನಿಮ್ಮ ಮಗಳು


೧೧ ಮಾರ್ಚ್

ಮಗಳೇ,

ನಿನ್ನ ಪತ್ರವನ್ನು ನಿನ್ನಮ್ಮನಿಗೆ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: “ಅವಳು ನಿಮ್ಮನ್ನ ಯಾವಾಗಿಂದ ‘ನೀವು’ ಅಂತಾಳೆ?” ಆಪರೇಷನ್ ಮುಂದಿನ ತಿಂಗಳು. ಈ ಪತ್ರಗಳು ಎಲ್ಲಿಗೂ ಹೋಗುವುದಿಲ್ಲ.

ನಿನ್ನೆ ಕೋರ್ಟಿಗೆ ಹೋಗಿದ್ದೆ. ನ್ಯಾಯಾಂಗದ ಬಗ್ಗೆ ನಾನು ಇದುವರೆಗೆ ಹದಿನೇಳು ಪತ್ರ ಅಚ್ಚು ಹಾಕಿಸಿದ್ದೇನೆ. ಕ್ರಿಮಿನಲ್ ಕೋರ್ಟಿನ ಒಳಗೆ ಕಾಲಿಟ್ಟದ್ದು ನಿನ್ನೆಯೇ ಮೊದಲು. ನಗಬೇಡ.

ಹತ್ತೂವರೆಗೆ ಬರಲು ಹೇಳಿದ್ದರು. ಮೊಗಸಾಲೆಯಲ್ಲಿ ಎರಡು ಬೆಂಚು, ಎಂಬತ್ತು ಜನ. ಗೋಡೆಯಲ್ಲಿ ಆಳೆತ್ತರಕ್ಕೆ ಎಣ್ಣೆಯ ಕಪ್ಪು ಪಟ್ಟಿ ಇದೆ, ಇಷ್ಟು ವರ್ಷ ಒರಗಿ ನಿಂತವರ ತಲೆಗಳದ್ದು. ಜವಾನ ಬಾಗಿಲಿಗೆ ಬಂದು ಹೆಸರು ಕೂಗುತ್ತಾನೆ, ಮೂರು ಸಲ. ಮೂರನೆಯದನ್ನು ಹಿಂದೆ ತಿರುಗಿಕೊಂಡೇ ಕೂಗಿರುತ್ತಾನೆ. ಒಳಗೆ ಹೋದವರು ಎರಡು ನಿಮಿಷದಲ್ಲಿ ಹೊರಗೆ ಬಂದು ವಕೀಲರನ್ನು ಕೇಳುತ್ತಾರೆ, “ಏನಾಯ್ತು ಸ್ವಾಮೀ?” ವಕೀಲರು ಮುಂದಿನ ತಾರೀಖು ಹೇಳುತ್ತಾರೆ. ಏನಾಯಿತು ಎಂಬುದಕ್ಕೆ ಅಲ್ಲಿ ಅದೊಂದೇ ಉತ್ತರ.

ಸರ್ಕಾರಿ ವಕೀಲರು ನನ್ನನ್ನು ಕಿಟಕಿಯ ಬಳಿ ಕರೆದರು. ಕೈಯಲ್ಲಿ ಕಡತಗಳ ಗೋಪುರ. “ಯಜಮಾನ್ರೇ, ಒಂದ್ಸಲ ಓದ್ಕೊಳ್ಳಿ, ನೆನಪಾಗುತ್ತೆ” ಎಂದು ನಾನು ಸಹಿ ಹಾಕಿದ್ದ ಪಂಚನಾಮೆ ಕೊಟ್ಟರು. ಓದಿದೆ. ನಾನು ಮಧ್ಯಾಹ್ನ ಮೂರಕ್ಕೆ ಆ ಹಿತ್ತಲಿನಲ್ಲಿ ನಿಂತಿದ್ದೆನಂತೆ. ಆರೋಪಿ ಬಗ್ಗಿದನಂತೆ, ಕಲ್ಲು ಸರಿಸಿದನಂತೆ. ಎಷ್ಟು ಚೆನ್ನಾಗಿ ಬರೆದಿದ್ದಾರೆಂದರೆ ನನಗೇ ಆ ಕಲ್ಲು ಕಂಡಿತು.

“ಇದ್ಯಾವುದೂ ನಾನು ನೋಡಿಲ್ಲ” ಎಂದೆ.

ಅವರು ನನ್ನ ಮುಖ ನೋಡಲಿಲ್ಲ. “ಎಲ್ಲರೂ ಮೊದಲು ಹಾಗೇ ಅಂತಾರೆ. ಇವತ್ತು ಆಗಲ್ಲ ಬಿಡಿ, ಸಾಹೇಬ್ರು ರಜೆ” ಎಂದು ಮುಂದಿನ ಕಡತ ಬಿಚ್ಚಿದರು.

ಆ ಕೀಲಿಕೈಯವನನ್ನೂ ಕರೆತಂದಿದ್ದರು. ನೆನಪಿನಲ್ಲಿದ್ದದ್ದಕ್ಕಿಂತ ಅರ್ಧ ಆಗಿದ್ದಾನೆ. ಜೊತೆಗೆ ಹೊಲಿಗೆ ಕೆಲಸದ ಅವನ ಅಕ್ಕ. ಕಂಬದ ಮರೆಯಲ್ಲಿ ಬ್ರೆಡ್ ತಿನ್ನಿಸುತ್ತಿದ್ದಳು, ಪೇದೆ ಕಂಡೂ ಕಾಣದಂತೆ ನಿಂತಿದ್ದ. ಎರಡು ವರ್ಷ ಐದು ತಿಂಗಳಿಂದ ಒಳಗಿದ್ದಾನಂತೆ. ಜಾಮೀನು ಆಗಿದೆಯಂತೆ, ಹೊಣೆ ನಿಲ್ಲಲು ಸ್ವಂತ ಮನೆಯಿರುವ ಒಬ್ಬರು ಬೇಕಂತೆ, ಸಿಕ್ಕಿಲ್ಲ. ನಾನು ಯಾರೆಂದು ಆಕೆಗೆ ಹೇಳಲಿಲ್ಲ. ನಮಗೆ ಸ್ವಂತ ಮನೆಯಿದೆ. ನಾನು ನಿಲ್ಲಬಹುದೇ?

ಅಪ್ಪ


೨೬ ಮಾರ್ಚ್

ಅಪ್ಪನಿಗೆ,

ಬೇಡ. ದಯವಿಟ್ಟು ಬೇಡ. ನೀವು ಸರ್ಕಾರದ ಸಾಕ್ಷಿ. ಆರೋಪಿಗೆ ಹೊಣೆ ನಿಂತರೆ ನಿಮ್ಮ ಮಾತಿಗೆ ಕೋರ್ಟಿನಲ್ಲಿ ಕವಡೆ ಕಿಮ್ಮತ್ತೂ ಉಳಿಯುವುದಿಲ್ಲ. ಕೊಂಡುಕೊಂಡ ಸಾಕ್ಷಿ ಎಂದು ಮೊದಲ ಪ್ರಶ್ನೆಯಲ್ಲೇ ಮುಗಿಸುತ್ತಾರೆ. ಅವನಿಗೆ ನಿಮ್ಮ ಮನೆಗಿಂತ ನಿಮ್ಮ ಮಾತು ಬೇಕು.

ಅವನ ಅಕ್ಕನೊಂದಿಗೂ ಮಾತನಾಡಬೇಡಿ.

ಮಗಳು


೨೮ ಏಪ್ರಿಲ್

ಮಗಳೇ,

ಅಮ್ಮನ ಬಲಗಣ್ಣು ಚೆನ್ನಾಗಿ ಕಾಣುತ್ತಿದೆ. “ಇಷ್ಟು ವರ್ಷ ನಿಮ್ಮ ಮುಖ ಮಬ್ಬಾಗಿ ಕಾಣ್ತಿದ್ದದ್ದೇ ವಾಸಿ ಇತ್ತು” ಎನ್ನುತ್ತಾಳೆ.

ಮೂರು ಸಲ ಹೋಗಿ ಬಂದೆ. ಒಮ್ಮೆ ವಕೀಲರ ಮುಷ್ಕರ. ಒಮ್ಮೆ ಜೈಲಿನ ವ್ಯಾನು ಕೆಟ್ಟಿತ್ತು. ಒಮ್ಮೆ ಎಲ್ಲರೂ ಇದ್ದರು: ನ್ಯಾಯಾಧೀಶರು, ಆರೋಪಿ, ಎರಡೂ ಕಡೆಯ ವಕೀಲರು, ನಾನು, ಟೈರ್ ಅಂಗಡಿಯವನು. ಕೈಗಡಿಯಾರದ ಪೊಟ್ಟಣ ಮಾತ್ರ ಉಗ್ರಾಣದಲ್ಲಿ ಸಿಗಲಿಲ್ಲ. ನಲವತ್ತು ವರ್ಷದಿಂದ ಈ ದೇಶದ ವಿಳಂಬದ ಬಗ್ಗೆ ಬರೆದಿದ್ದೇನೆ. ಆಯೋಗಗಳ ವರದಿಗಳನ್ನು ಅಂಕಿಸಂಖ್ಯೆ ಸಮೇತ ಉದ್ಧರಿಸಿದ್ದೇನೆ. ಆ ಅಂಕಿಗಳಲ್ಲಿ ಒಂದು ಎಂದರೆ ಕಂಬದ ಮರೆಯಲ್ಲಿ ಬ್ರೆಡ್ ತಿನ್ನುವ ಒಬ್ಬ ಮನುಷ್ಯ ಎಂದು ಹೊಳೆದಿರಲಿಲ್ಲ.

ಟೈರ್ ಅಂಗಡಿಯವನು ಒಳ್ಳೆಯ ಮಾತುಗಾರ. ಇದು ಅವನ ನಲವತ್ತನೆಯದೋ ಐವತ್ತನೆಯದೋ ಸಾಕ್ಷಿಯಂತೆ. “ಅಂಗಡಿ ಠಾಣೆ ಎದುರಿಗಿದೆ ಸಾರ್, ಕರೆದ್ರೆ ಹೋಗಲ್ಲ ಅನ್ನೋಕಾಗುತ್ತಾ? ನಾಳೆ ನನ್ನ ಅಂಗಡಿ ಮುಂದೆ ಗಾಡಿ ನಿಲ್ಲಿಸಬಾರದು ಅಂತ ಬೋರ್ಡ್ ಹಾಕಿದ್ರೆ ನೀವು ಬಂದು ಟೈರ್ ಬದಲಾಯಿಸ್ಕೊಳ್ತೀರಾ?” ಎಂದ. ಅವನಿಗೆ ಹೊಟ್ಟೆಪಾಡು ಎಂಬ ಕಾರಣವಾದರೂ ಇದೆ. ನನಗಿದ್ದದ್ದು ಒಂದು ಕುರ್ಚಿ ಮತ್ತು ನಾಲ್ಕು ಹೊಗಳಿಕೆಯ ಮಾತು.

ಆ ಸಬ್ ಇನ್ಸ್‌ಪೆಕ್ಟರ್ ಮನೆಗೆ ಬಂದಿದ್ದ. ಈಗ ಬಡ್ತಿಯಾಗಿದೆ. ಸಮವಸ್ತ್ರದಲ್ಲಿರಲಿಲ್ಲ, ಹಣ್ಣಿನ ಚೀಲ ಹಿಡಿದಿದ್ದ. “ಸಾರ್, ವಯಸ್ಸಾದ್ಮೇಲೆ ಮರೆವು ಸಹಜ. ಕಾಗದ ಮರೆಯಲ್ಲ, ಅದರಲ್ಲಿರೋದನ್ನ ಹೇಳಿದ್ರೆ ಆಯ್ತು. ಇಲ್ಲಾಂದ್ರೆ ಸುಳ್ಳು ಪಂಚನಾಮೆಗೆ ಸಹಿ ಹಾಕಿದೆ ಅಂತ ನೀವೇ ಒಪ್ಕೊಂಡಂಗಾಗುತ್ತೆ. ನಿಮ್ಮ ಮಗಳಿರೋದೂ ಇದೇ ಇಲಾಖೇಲಿ...” ಎಂದ. ನಿನ್ನಮ್ಮ ಚೀಲವನ್ನು ಅವನ ಕೈಗೇ ವಾಪಸು ಇಟ್ಟು, “ಇವರಿಗೆ ಮರೆವು ಇದ್ದಿದ್ರೆ ನಾನು ಎಷ್ಟೋ ಸುಖವಾಗಿರ್ತಿದ್ದೆ, ಹೋಗ್ಬನ್ನಿ” ಎಂದಳು.

ಅವನು ನಿನ್ನ ಹೆಸರೆತ್ತಿದ್ದು ನನಗೆ ಸರಿ ಬರಲಿಲ್ಲ. ನಿನಗೆ ತೊಂದರೆಯಾಗುತ್ತದೆಯೇ? ಆಗುತ್ತದೆಂದರೂ ನಾನು ಹೇಳುವವನೇ. ಆದರೆ ಈ ಸಲ ಮೊದಲು ನಿನ್ನನ್ನು ಕೇಳುತ್ತಿದ್ದೇನೆ.

ಅಪ್ಪ


೧೫ ಮೇ

ಅಪ್ಪ,

ಹೇಳು. ನನಗೆ ಏನಾಗುವುದೋ ಆಗಲಿ.

ಈ ಊರಿನಲ್ಲೂ ಒಬ್ಬ ಟೈರ್ ಅಂಗಡಿಯವನಿದ್ದಾನೆ. ಇಲ್ಲಿ ಅವನದು ನಕಲು ತೆಗೆಯುವ ಅಂಗಡಿ. ನಿನ್ನ ಪತ್ರ ಬಂದ ಮೇಲೆ ನನ್ನ ಕಡತಗಳನ್ನು ತೆಗೆದು ಎಣಿಸಿದೆ. ಮೂವತ್ತೊಂದು ಮೊಕದ್ದಮೆಗಳಲ್ಲಿ ಅವನು ನನ್ನ ಸಾಕ್ಷಿ. ಒಂದೇ ದಿನ, ಒಂದೇ ಗಂಟೆಗೆ, ಊರಿನ ಎರಡು ತುದಿಯಲ್ಲಿ ನಿಂತು ಎರಡು ಮಾಲು ಹಿಡಿದದ್ದನ್ನು ಅವನು ಕಂಡಿದ್ದಾನೆ. ನಾನು ಇಬ್ಬರಿಗೂ ಶಿಕ್ಷೆ ಕೊಡಿಸಿದ್ದೇನೆ. ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಹೊರಟೆ. ಆ ಸಾಲನ್ನು ಹೊಡೆದು ಹಾಕಿದ್ದೇನೆ, ನೋಡು.

ಅಪರಾಧಿಯೇ ಸಿಕ್ಕಿದ್ದಾನೆ, ಕಾಗದ ಸರಿಯಿಲ್ಲವೆಂದು ಬಿಟ್ಟುಬಿಡುವುದೇ, ಎಂದುಕೊಳ್ಳುತ್ತಿದ್ದೆ. ಅಪರಾಧಿ ಎಂದು ಗೊತ್ತಾದದ್ದು ಆ ಕಾಗದದಿಂದಲೇ ಎಂಬುದು ಮಾತ್ರ ಹೊಳೆಯುತ್ತಿರಲಿಲ್ಲ. ದಿನಕ್ಕೆ ಅರವತ್ತು ಕಡತ, ಅಪ್ಪ. ಅಷ್ಟರಲ್ಲಿ ಯಾವುದನ್ನು ಹೊಳೆಯಲು ಬಿಡಬೇಕು ಎಂಬುದೂ ಒಂದು ಕಸುಬು.

ಕಟಕಟೆಯಲ್ಲಿ ಭಾಷಣ ಮಾಡಬೇಡ. ಕೇಳಿದ್ದಕ್ಕಷ್ಟೇ ಉತ್ತರ ಕೊಡು. ‘ಸಹಿ ನನ್ನದು. ಠಾಣೆಯಲ್ಲಿ ಹಾಕಿದ್ದು. ಆ ಸ್ಥಳಕ್ಕೆ ನಾನು ಹೋಗಿಲ್ಲ.’ ಮೂರು ವಾಕ್ಯ. ನೀರು ಕುಡಿದು ಹೋಗು.

ಮಗಳು


೨ ಜುಲೈ

ಮಗಳೇ,

ಮುಗಿಯಿತು. ಮುಗಿದದ್ದು ಹೇಗೆಂದು ಒಂದೂ ಬಿಡದೆ ಬರೆಯುತ್ತೇನೆ. ಬೇರೆ ಯಾವ ದಾಖಲೆಯಲ್ಲೂ ಇದು ಸಿಗುವುದಿಲ್ಲ.

ನಿನ್ನೆ ಹನ್ನೊಂದೂಕಾಲಿಗೆ ಕರೆದರು. ನಿನ್ನ ಮೂರು ವಾಕ್ಯಗಳನ್ನು ಬಸ್ಸಿನುದ್ದಕ್ಕೂ ಹೇಳಿಕೊಳ್ಳುತ್ತಾ ಹೋಗಿದ್ದೆ. ಪೊಟ್ಟಣ ಸಿಕ್ಕಿತ್ತು; ಅರಗಿನ ಮುದ್ರೆಯ ಕೆಳಗೆ ನನ್ನ ಸಹಿಯ ಚೀಟಿ ನನಗೇ ಕಾಣುತ್ತಿತ್ತು. ನಾನು ಕಟಕಟೆಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಆಗ ಆರೋಪಿಯ ಪರ ವಕೀಲ, ಸರ್ಕಾರವೇ ಕೊಟ್ಟ ಎಳೆಯ ವಕೀಲ, ಎದ್ದು ನಿಂತ.

“ಸ್ವಾಮಿ, ಆರೋಪಿ ತಪ್ಪೊಪ್ಪಿಕೊಳ್ತಾರೆ.”

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಅವರ ಮುಖದಲ್ಲಿ ನಾನು ಕಂಡದ್ದು ನೆಮ್ಮದಿ, ಬೇರೇನೂ ಅಲ್ಲ. ಅವನನ್ನು ಮುಂದೆ ಕರೆದರು. “ಯಾರದಾದ್ರೂ ಒತ್ತಾಯ ಇದೆಯಾ? ಸ್ವಇಚ್ಛೆಯಿಂದ ಒಪ್ಕೊಳ್ತಿದ್ದೀಯಾ?”

“ಹೌದು ಸ್ವಾಮಿ.”

“ಕದ್ದದ್ದು ನೀನೇನಾ?”

ಅವನು ವಕೀಲನ ಕಡೆ ನೋಡಿದ. ವಕೀಲ ತಲೆಯಾಡಿಸಿದ. “ನಾನೇ ಸ್ವಾಮಿ.”

ನಾನು ಮೆಟ್ಟಿಲ ಮೇಲೇ ನಿಂತಿದ್ದೆ. “ಸ್ವಾಮಿ, ಅವನು ಒಪ್ಕೊಳ್ಳೋಕೆ ಆಗಲ್ಲ, ಆ ಕಾಗದ ಸುಳ್ಳು, ನಾನು ನೋಡೇ ಇಲ್ಲ” ಎಂದೆ. ಕೂಗಿದೆನಂತೆ, ಜವಾನ ಆಮೇಲೆ ಹೇಳಿದ. ನ್ಯಾಯಾಧೀಶರು ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಉರಿದದ್ದು. “ಹಿರಿಯರೇ, ನಿಮ್ಮ ಸಾಕ್ಷ್ಯದ ಅವಶ್ಯಕತೆ ಈಗ ಇಲ್ಲ. ನೀವು ಪ್ರಮಾಣವಚನವನ್ನೂ ತಗೊಂಡಿಲ್ಲ. ತೊಂದರೆ ತಗೊಂಡು ಬಂದಿದ್ದಕ್ಕೆ ಧನ್ಯವಾದ, ಹೋಗಬಹುದು.” ಜವಾನ ತೋಳು ಹಿಡಿದು ಕೂರಿಸಿದ. ಇಲ್ಲಿಯವರೆಗೆ ಒಳಗಿದ್ದ ಕಾಲವೇ ಶಿಕ್ಷೆ ಎಂದು ತೀರ್ಪು. ಎಂಟೋ ಒಂಬತ್ತೋ ನಿಮಿಷ. ಮುಂದಿನ ಮೊಕದ್ದಮೆಯ ಹೆಸರು ಕೂಗಿಯಾಗಿತ್ತು.

ಮೊಗಸಾಲೆಯಲ್ಲಿ ಆ ಎಳೆಯ ವಕೀಲನನ್ನು ಹಿಡಿದುಕೊಂಡೆ. “ನಾನು ಇದ್ದೆನಲ್ಲಪ್ಪ! ನಾನು ಹೇಳೋನಿದ್ದೆ!”

“ಗೊತ್ತಿತ್ತು ಸಾರ್” ಎಂದ. ಒಳ್ಳೆಯ ಹುಡುಗನೇ. “ನೀವು ಹೇಳ್ತಿದ್ರಿ. ಆಮೇಲೆ ಟೈರ್ ಅಂಗಡಿಯವ್ನು, ಡಾಕ್ಟ್ರು, ಇನ್ಸ್‌ಪೆಕ್ಟ್ರು. ಆಮೇಲೆ ವಾದ. ಇನ್ನೊಂದು ವರ್ಷ. ಗೆದ್ರೆ ಮುಂದಿನ ಜೂನಿಗೆ ಮನೆ. ಒಪ್ಕೊಂಡ್ರೆ ಇವತ್ತು ಸಂಜೆ ಮನೆ. ನೀವಾಗಿದ್ರೆ ಏನ್ ಮಾಡ್ತಿದ್ರಿ?”

ಕೀಲಿಕೈಯವನೂ ಅಲ್ಲೇ ನಿಂತಿದ್ದ, ಜೈಲಿಗೆ ಹೋಗಿ ಬಟ್ಟೆ ತರಬೇಕಿತ್ತಂತೆ. ಅವನಿಗೆ ನಾನು ಯಾರೆಂದು ಮೊದಲಿಂದಲೂ ಗೊತ್ತಿತ್ತು. ನಮ್ಮ ಮನೆಯ ಕಪಾಟಿನ ಕೀಲಿಯನ್ನೂ ಅವನೇ ಮಾಡಿಕೊಟ್ಟಿದ್ದನಲ್ಲ. “ಬೇಜಾರು ಮಾಡ್ಕೋಬೇಡಿ ಸಾರ್” ಎಂದ. “ನೀವು ನಿಜ ಹೇಳೋಕೆ ಶುರು ಮಾಡಿದ್ರೆ ನಂಗೆ ಇನ್ನೊಂದು ವಾಯಿದೆ ಬೀಳ್ತಿತ್ತು.”

ಅವನು ನನಗೆ ಸಮಾಧಾನ ಹೇಳಿದ. ಅವನು, ನನಗೆ.

ಅಪ್ಪ


೨೦ ಜುಲೈ

ಅಪ್ಪ,

ನಿನಗೆ ಒಂದು ವಿಷಯ ಹೇಳಿರಲಿಲ್ಲ. ಎರಡು ವರ್ಷ ಐದು ತಿಂಗಳು ಎಂದು ನೀನು ಬರೆದ ದಿನವೇ ಇದು ಹೀಗೇ ಮುಗಿಯುತ್ತದೆಂದು ನನಗೆ ಗೊತ್ತಿತ್ತು. ನನ್ನ ಕೋರ್ಟಿನಲ್ಲಿ ಪ್ರತಿ ಶನಿವಾರ ಆರೇಳು ಜನ ಹೀಗೆ ಒಪ್ಪಿಕೊಂಡು ಮನೆಗೆ ಹೋಗುತ್ತಾರೆ. ತಿಂಗಳ ವರದಿಯಲ್ಲಿ ಅದು ‘ವಿಲೇವಾರಿ’. ನಮ್ಮ ಕಚೇರಿಯ ಲೆಕ್ಕದಲ್ಲಿ ನಮ್ಮ ಗೆಲುವು. ಒಳ್ಳೆಯ ವಿಲೇವಾರಿಗೆ ನನಗೊಂದು ಪ್ರಶಂಸಾಪತ್ರವೂ ಇದೆ. ನಿನಗೆ ಮುಂಚೆಯೇ ಹೇಳಬಹುದಿತ್ತು. ಹೇಳಿದ್ದರೆ ನೀನು ಹೋಗುತ್ತಿರಲಿಲ್ಲವೇನೋ ಎಂದು ಸುಮ್ಮನಿದ್ದೆ. ಯಾರಾದರೂ ಒಬ್ಬರು ಆ ಮೆಟ್ಟಿಲು ಹತ್ತಲಿ ಎಂದಿತ್ತು ನನಗೆ.

ಮೇಲ್ಮನವಿಯ ಬಗ್ಗೆ ನೀನು ಯೋಚಿಸಿರುತ್ತೀಯ. ತಾನೇ ಒಪ್ಪಿಕೊಂಡ ಅಪರಾಧದ ಮೇಲೆ ಮನವಿ ಹಾಕುವುದು ಬಹಳ ಕಷ್ಟ. ಹಾಕಬೇಕೆಂದರೂ ಅವನೇ ಹಾಕಬೇಕು, ನೀನಲ್ಲ. ಕೇಳಿ ನೋಡು.

ಕಳೆದ ಶನಿವಾರ ನಕಲು ಅಂಗಡಿಯವನನ್ನು ಕಿಟಕಿಯ ಬಳಿ ಕರೆದು, “ನೀನು ನಿಜವಾಗ್ಲೂ ಅಲ್ಲಿಗೆ ಹೋಗಿದ್ದೆಯಾ?” ಎಂದು ಕೇಳಿದೆ. ಅವನು ನಕ್ಕು, “ಏನ್ ಮೇಡಂ, ಇವತ್ತು ಹೀಗೆ ಕೇಳ್ತಿದ್ದೀರಾ?” ಎಂದ. ಅವನನ್ನು ಕಟಕಟೆಗೆ ಹತ್ತಿಸಲಿಲ್ಲ. ನನಗೆ ಮತ್ತೆ ನೋಟೀಸು ಬಂದಿದೆ.

ಮಗಳು


೯ ಸೆಪ್ಟೆಂಬರ್

ಮಗಳೇ,

ಮೇಲ್ಮನವಿ ಅವನಿಗೆ ಬೇಡವಂತೆ. “ಮತ್ತೆ ಆ ಮೆಟ್ಟಿಲು ಹತ್ತು ಅಂತೀರಾ ಸಾರ್?” ಎಂದ. ನಾನು ಬರೆದಿಟ್ಟಿದ್ದ ಹನ್ನೆರಡು ಪುಟ ಮಡಚಿಕೊಂಡು ಬಂದೆ.

ಬಸ್ ನಿಲ್ದಾಣದ ಮೂಲೆಯಲ್ಲಿ ಈಗ ಮೊಬೈಲ್ ರಿಪೇರಿಯ ಗೂಡಂಗಡಿ ಬಂದಿದೆ. ಅವನ ಜಾಗ ಉಳಿದಿದ್ದರೂ ಕಳ್ಳನೆಂದು ತಾನೇ ಒಪ್ಪಿಕೊಂಡವನ ಕೈಗೆ ಮನೆ ಕೀಲಿ ಕೊಡುವವರು ಯಾರು? ಅಕ್ಕನ ಹೊಲಿಗೆಗೆ ಗುಂಡಿ ಹಾಕುತ್ತಾ ಕೂತಿರುತ್ತಾನೆ. ತಿಂಗಳಿಗೊಮ್ಮೆ ಠಾಣೆಗೆ ಕರೆಸುತ್ತಾರೆ. ಎಲ್ಲಿ ಬೀಗ ತೆರೆದರೂ ಮೊದಲು ಅವನ ಬಾಗಿಲು ಬಡಿಯುತ್ತಾರೆ.

ನಮ್ಮ ಬೀರುವಿನ ಬೀಗ ಕೆಟ್ಟಿದೆ ಎಂದು ಹೇಳಿ ಮೊನ್ನೆ ಅವನನ್ನು ಕರೆಸಿದೆ. ಕೆಟ್ಟಿರಲಿಲ್ಲ, ನಾನೇ ಒಳಗೆ ಕಡ್ಡಿ ತುರುಕಿದ್ದೆ. ನಿನ್ನಮ್ಮನಿಗೆ ಗೊತ್ತು. ಮೇಲಿನ ಮನೆಯ ಡಾಕ್ಟರು ಮೆಟ್ಟಿಲ ಮೇಲೆ ಅವನನ್ನು ಕಂಡು, ಮೇಲೆ ಹೋಗಿ ಚಿಲಕ ಹಾಕಿಕೊಂಡದ್ದು ಕೆಳಗಿನವರೆಗೆ ಕೇಳಿಸಿತು.

ಅವನು ಬಾಗಿಲು ಪೂರ್ತಿ ತೆರೆದಿಟ್ಟ. ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿದ, ಜೇಬಿನಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದ. “ಅಮ್ಮಾ, ನಾನು ಕೆಲಸ ಮಾಡೋವಾಗ ನೀವು ಇಲ್ಲೇ ನಿಂತು ನೋಡ್ತಿರಬೇಕು. ಇನ್ಮೇಲೆ ಹಾಗೇ ಮಾಡೋದು ಅಂತ ಇಟ್ಕೊಂಡಿದ್ದೀನಿ” ಎಂದ. ನಿನ್ನಮ್ಮ ನಿಂತಳು. ಅವನು ಬೀಗ ಬಿಚ್ಚಿದ, ಒಳಗಿನ ಕಡ್ಡಿ ಹೊರಗೆ ತೆಗೆದು ನೋಡಿ ಮೇಜಿನ ಮೇಲಿಟ್ಟ.

ನಡುವೆ ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಗಿ ಅವಳು ಒಳಗೆ ಓಡಿದಳು. ಅವನು ತಿರುಪುಳಿಯನ್ನು ತಕ್ಷಣ ಕೆಳಗಿಟ್ಟು, ಎರಡೂ ಕೈಗಳನ್ನು ಮಂಡಿಯ ಮೇಲೆ ಚಾಚಿ ಕೂತ.

“ಮಾಡಪ್ಪ, ನಾನು ಇಲ್ಲೇ ಇದ್ದೀನಲ್ಲ, ನೋಡ್ತಿದ್ದೀನಿ” ಎಂದೆ.

ಸಿಟ್ಟಿನಿಂದಲ್ಲ, ಮೆಲ್ಲಗೆ, ವಯಸ್ಸಾದವರಿಗೆ ಹೇಳುವಂತೆ ಹೇಳಿದ: “ನೀವು ಬೇಡ ಸಾರ್. ಅಮ್ಮ ಬರ್ಲಿ.”

ಇಬ್ಬರೂ ಕಾಯುತ್ತಾ ಕೂತೆವು.

ಇತಿ,
ಅಪ್ಪ